ತಾರಸಿ ಮೇಲಿನ ಉದ್ದ ಲೆನ್ಸು

ಫೆಸ್ ಪಟ್ಟಣದ ಚರ್ಮ ಹದಮಾಡುವ ಹೊಂಡಗಳ ನಾತಕ್ಕೆ ತುಹಾಮಿ ಎಂದೂ ಮೂಗು ಮುಚ್ಚಿದವನಲ್ಲ. ಸುಣ್ಣ, ಪಾರಿವಾಳದ ಹಿಕ್ಕೆ, ಹಸಿ ತೊಗಲು ಸೇರಿ ಹೊಟ್ಟೆ ತೊಳಸುವ ಆ ವಾಸನೆಯಲ್ಲೇ ಅವನು ಬೆಳೆದಿದ್ದ. ಅವನಿಗೆ ಹೇಸಿಗೆ ಹುಟ್ಟಿಸುತ್ತಿದ್ದದ್ದು ಮೇಲಿನ ತಾರಸಿಗಳು. ಅಲ್ಲಿ ಪ್ರವಾಸಿಗರು ಪುದೀನಾ ಸೊಪ್ಪನ್ನು ಮೂಗಿಗೆ ಹಿಡಿದು, ಮೊಳದುದ್ದದ ಜೂಮ್ ಲೆನ್ಸು ಚಾಚಿ, ಬಣ್ಣದ ನೀರಲ್ಲಿ ತೊಡೆಮಟ್ಟ ನಿಂತವರ ಫೋಟೊ ಹೊಡೆಯುತ್ತಿದ್ದರು. ಮಾತಿಲ್ಲ, ಸಲಾಮಿಲ್ಲ. ಥೂ, ಕಿಟಕಿಯಲ್ಲಿ ಇಣುಕುವ ಕಳ್ಳನಿಗಾದರೂ ಒಂದಿಷ್ಟು ಅಂಜಿಕೆ ಇರುತ್ತದೆ ಎನ್ನುತ್ತಿದ್ದ.

ತುಹಾಮಿಯೂ ಫೋಟೊ ತೆಗೆಯುವವನೇ, ಆದರೆ ಅವನ ಕ್ಯಾಮೆರಾಕ್ಕೆ ಇದ್ದದ್ದು ಒಂದೇ ಲೆನ್ಸು. ಅದು ಹಿಂದೆ ಮುಂದೆ ಸರಿಯದು. ಹತ್ತಿರದ ಚಿತ್ರ ಬೇಕೆಂದರೆ ಮನುಷ್ಯನೇ ಹತ್ತಿರ ಹೋಗಬೇಕು. ಹಾಗಾಗಿ ಅವನು ಮೆಟ್ಟಿಲಿಳಿದು, ಹೊಂಡದಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ತೊಗಲು ತುಳಿಯುವ ಮುದುಕ ಅಲ್ಲಾಲನ ಸೊಂಟನೋವು ವಿಚಾರಿಸಿ, ಅವನ ಬೈಗುಳ ತಿಂದು, ಆಮೇಲೆ ಕ್ಯಾಮೆರಾ ಎತ್ತುತ್ತಿದ್ದ. ಹೊಂಡದವರ ಕಟ್ಟಳೆ ಅದು: ಕೆಳಗಿಳಿದು ಬಂದು ಬಣ್ಣ ಮೆತ್ತಿದ ಕೈ ಹಿಡಿದವನಿಗೆ ಮಾತ್ರ ಮುಖ ಕೊಡುವುದು. ಮಿಕ್ಕವರೆಲ್ಲ ಬೆನ್ನು ನೋಡಿಕೊಂಡು ಹೋಗಲಿ. ಪ್ರಾಯದ ದಿನಗಳಿಂದಲೂ ಅಲ್ಲಾಲ್ ಅವನಿಗೆ ಮುಖ ಕೊಟ್ಟಿದ್ದ.

ತುಹಾಮಿಯ ಮೊಣಕಾಲು ಕೈಕೊಟ್ಟಾಗ, ತಾರಸಿ ಅಂಗಡಿಯ ಮಾಲೀಕ ಮಫ್ದಾಲ್ ಒಂದು ಜೂಮ್ ಲೆನ್ಸು ತಂದು ಅವನ ಕೈಗಿಟ್ಟ. ಅಂಗಡಿ ಗೋಡೆಗೆ ಅವನಿಗೆ ದೊಡ್ಡ ಚಿತ್ರಗಳು ಬೇಕಿದ್ದವು. ಮೆಟ್ಟಿಲಿಳಿಯುವುದು ಬೇಡ, ಧೂಳಿನಲ್ಲಿ ಲೆನ್ಸು ಬದಲಿಸುವ ರಗಳೆ ಬೇಡ, ಗುಡ್ಡವೂ ಇದರಲ್ಲೇ ಗಡ್ಡವೂ ಇದರಲ್ಲೇ ಎಂದು ಹೊಗಳಿದ. ತುಹಾಮಿ ಮುಖ ಸಿಂಡರಿಸಿದ, ಆದರೂ ತೆಗೆದುಕೊಂಡ. ಕಳ್ಳನಿಗೊಂದು ಪಿಳ್ಳೆನೆವ, ಇವನಿಗೆ ಮೊಣಕಾಲು.

ರಂಜಾನಿನ ಒಂದು ಮಧ್ಯಾಹ್ನ ಅವನು ತಾರಸಿಯಿಂದ ಲೆನ್ಸು ತಿರುಗಿಸುತ್ತಿದ್ದ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಈ ಲೆನ್ಸು ಬರುವುದಕ್ಕೆ ಮೊದಲಿನದು. ತೊಗಲಿನ ರಾಶಿಯ ಹಿಂದೆ, ಕೆಳಗಿನವರ್ಯಾರಿಗೂ ಕಾಣದ ಮೂಲೆಯಲ್ಲಿ, ಅಲ್ಲಾಲ್ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದ. ಸಕ್ಕರೆ ಕಾಯಿಲೆಯ ಮನುಷ್ಯ. ಕಾಯಿಲೆಯವರು ಉಪವಾಸ ಬಿಡಬಹುದೆಂದು ಧರ್ಮವೇ ಹೇಳುತ್ತದೆ. ಆದರೆ ಒಣಬಾಯಲ್ಲಿ ಬಿಸಿಲಿಗೆ ನಿಂತು ತೊಗಲು ತುಳಿಯುವ ಗಂಡಸರ ನಡುವೆ ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆ. ತುಹಾಮಿಯ ಬೆರಳು ಹಳೇ ಚಾಳಿ ಬಿಡದೆ ಗುಂಡಿ ಒತ್ತಿಬಿಟ್ಟಿತು.

ಚಿತ್ರ ಅವನು ಬದುಕಿನಲ್ಲಿ ತೆಗೆದವೆಲ್ಲಕ್ಕಿಂತ ಚೆನ್ನಾಗಿತ್ತು. ಅದನ್ನು ಕಂಡೇ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಮಫ್ದಾಲ್ ಹೆಗಲ ಮೇಲಿಂದ ಇಣುಕಿದ. "ಗೋಡೆ ತುಂಬ ಹಾಕೋಣ ಕಣೋ ಇದನ್ನ. ನಿನ್ನ ಮುದಿ ಲೆನ್ಸಲ್ಲಿ ಯಾವತ್ತಾದ್ರೂ ಇಂಥದ್ದು ಸಿಕ್ಕಿತ್ತಾ?"

"ಅವನ ಮಾನ ಹೋಗ್ತದೆ."

"ಅವನೇನು ನಿನ್ನ ಮಾವನಾ?"

ತುಹಾಮಿ ಚಿತ್ರ ಅಳಿಸಿದ. ಲೆನ್ಸು ಕಳಚಿ ಮಫ್ದಾಲನ ಮೇಜಿನ ಮೇಲೆ ಕುಕ್ಕಿದ. ಮುಗಿಯಿತು ಎಂದುಕೊಂಡ ಪುಣ್ಯಾತ್ಮ.

ಮರುದಿನ ಹಲ್ಲು ಕಚ್ಚಿಕೊಂಡು ಮೆಟ್ಟಿಲಿಳಿದು ಬಂದರೆ ಅಲ್ಲಾಲ್ ತಿರುಗಿಯೂ ನೋಡಲಿಲ್ಲ. ನಿನ್ನೆ ತಾರಸಿಯಲ್ಲಿ ಗಾಜು ಹೊಳೆದದ್ದನ್ನೂ, ಅದರ ಹಿಂದೆ ನಿಂತವನನ್ನೂ ಅವನು ಕಂಡಿದ್ದ. ತುಟಿ ಬಿರಿದಿತ್ತು, ಕೈ ನಡುಗುತ್ತಿತ್ತು. ರಾಶಿಯ ಹಿಂದೆ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಹೀಗೇ ಬಿಟ್ಟರೆ ಸಂಜೆಯೊಳಗೆ ಮುದುಕ ಹೊಂಡದಲ್ಲೇ ಬೀಳುತ್ತಾನೆಂದು ತುಹಾಮಿಗೆ ದಿಗಿಲಾಯಿತು. ಅವನನ್ನು ತೋಳು ಹಿಡಿದು ಆ ಮೂಲೆಗೆ ಕರೆತಂದ; ನೀರು ಸೋರುವ ಒಂದು ತೊಗಲನ್ನೆತ್ತಿ ತಾರಸಿಗಳಿಗೆ ಅಡ್ಡವಾಗಿ ಎರಡೂ ಕೈಯಲ್ಲಿ ಹಿಡಿದು ನಿಂತ.

"ಕುಡಿಯಣ್ಣ. ಯಾರಿಗೂ ಕಾಣಲ್ಲ."

"ಅವ್ರಿಗೆ ಕಾಣಲ್ಲ, ಸರಿ," ಅಂದ ಅಲ್ಲಾಲ್. "ನಿನ್ಗೆ?"

ತುಹಾಮಿ ಕತ್ತು ಆಚೆ ಹೊರಳಿಸಿ ಕಣ್ಣು ಮುಚ್ಚಿಕೊಂಡ. ತೊಗಲಿನ ಕೊಳಕು ನೀರು ತೋಳಿನಗುಂಟ ಅಂಗಿಯೊಳಗೆ ಇಳಿಯಿತು. ಹಿಂದೆ ಒಂದು ಗುಟುಕಿನ ಸದ್ದು ಬರಲೆಂದು ಕಾದ. ಬಂದದ್ದು ಅಲ್ಲಾಲ್ ಮತ್ತೆ ಹೊಂಡಕ್ಕಿಳಿದ ಸದ್ದು.