ಸಿಂಹದ ಜೊತೆ ಸೆಣಸಿದವರು ನಮ್ಮನೆಗೆ ಊಟಕ್ಕೆ ಬಂದಿದ್ದರು

ಇವತ್ತು ದ್ವಾರಕಾ ಮೆಟ್ರೊದಲ್ಲಿ ಪಕ್ಕದವರ ನೋವಿನೆಣ್ಣೆಯ ವಾಸನೆಗೆ ಕಾಡಿನ ಸಿನಿಮಾಗಳ ಹೀರೊ ಒಬ್ಬರು ನೆನಪಾದರು. ನಾನು ಚಿಕ್ಕವಳಿದ್ದಾಗ ದೆಹಲಿಗೆ ಬಂದಿದ್ದ ಅವರನ್ನು, ಸರ್ಕಾರಿ ಗುಮಾಸ್ತರಾಗಿದ್ದ ಅಪ್ಪ ನಮ್ಮ ಕ್ವಾರ್ಟರ್ಸಿಗೆ ಊಟಕ್ಕೆ ಕರೆತಂದಿದ್ದರು. ಅವರ ಮೈಯಿಂದಲೂ ಇದೇ ವಾಸನೆ ಬರುತ್ತಿತ್ತು.

“ಅಂಕಲ್, ಆ ಬೇವಿನ ಮರದಿಂದ ಒಂದ್ಸಲ ಜಿಗೀರಿ,” ಎಂದೆ.

“ಬಲಗೈ ಮೇಲೇಳಲ್ಲ ಪುಟ್ಟಿ. ಶೂಟಿಂಗಲ್ಲಿ ಬಳ್ಳಿ ಹರಿದು ಬಿದ್ದೆ.”

“ಮತ್ತೆ ಆ ಸಿಂಹ?”

“ಪಾಪ, ಮುದಿ ಸಿಂಹ. ಅದಕ್ಕೂ ಭಯ, ನಂಗೂ ಭಯ.”

ಅಮ್ಮ ಸಾರನ್ನ ಕಲಸಿ, ಅವರ ಎಡಗೈಗೆ ಚಮಚ ಕೊಟ್ಟಳು. ಅವರು ತಲೆ ತಗ್ಗಿಸಿಕೊಂಡು ಉಂಡರು.

ಮರುದಿನ ಶಾಲೆಯಲ್ಲಿ ಗೆಳತಿಯರು ಅವರು ಜಿಗಿದರಾ ಎಂದು ಕೇಳಿದರು.

“ಹೂಂ, ಮರದಿಂದ ಮರಕ್ಕೆ,” ಎಂದೆ.

ನಿಜ ಹೇಳುತ್ತಿರುವುದು ಇವತ್ತೇ ಮೊದಲು. ಆ ಸುಳ್ಳಿಗೆ ಮಾತ್ರ ನನಗೆ ಈಗಲೂ ಬೇಸರವಿಲ್ಲ.