ಜ್ವರ ಬಿಟ್ಟ ಬೆಳಿಗ್ಗೆ

ಯಲ್ದೂರಿನ ಮುತ್ಯಾಲಮ್ಮನ ಮನೆಗೆ ಬಂದ ಹೊಸ ನೆಂಟರು ಒಂದು ಸಲವಾದರೂ ಗಾಬರಿಯಾಗುತ್ತಾರೆ. "ಎಲ್ಲಕ್ಕೂ ಜ್ವರ ಬಂದೈತೆ, ಒಂದೂ ಬಾಕಿ ಇಲ್ಲ" ಎಂದು ಆಕೆ ಹಬ್ಬದ ಸುದ್ದಿಯ ಹಾಗೆ ಹೇಳುತ್ತಾಳೆ. ರೇಷ್ಮೆ ಸಾಕುವವರಿಗೆ ಜ್ವರವೆಂದರೆ ಹುಳ ಪೊರೆ ಬಿಡುವ ಹೊತ್ತು. ಆಗ ಅದು ತಿನ್ನುವುದಿಲ್ಲ, ಅಲುಗುವುದಿಲ್ಲ. ತಲೆಯೆತ್ತಿಕೊಂಡು ಸುಮ್ಮನೆ ಇರುತ್ತದೆ. ಸಾಕುವವರೂ ಸುಮ್ಮನಿರಬೇಕು. ಹೀಗೆ ನಾಲ್ಕು ಸಲ ಪೊರೆ ಕಳಚಿ ಹುಳ ಜ್ವರದಿಂದ ಎದ್ದರೆ ಬೆಳೆ ಮುಕ್ಕಾಲು ಪಾಲು ಕೈಗೆ ಬಂದ ಹಾಗೆ. ಜ್ವರದಲ್ಲಿ ಮುಟ್ಟಬಾರದೆಂಬುದು ಮುತ್ಯಾಲಮ್ಮ ಮದುವೆಯಾಗಿ ಬಂದ ಮೇಲೆ ಕಲಿತ ವಿದ್ಯೆ. ಮೊಂಡುತನ ಮಾತ್ರ ತವರಿನಿಂದಲೇ ತಂದದ್ದು.

ಹೋದ ಮಳೆಗಾಲದಲ್ಲಿ ಆಕೆಯ ಪುಟ್ಟ ಮೊಮ್ಮಗಳು ಮೇಘನಳಿಗೆ ಡೆಂಗಿ ಬಂತು. ಶ್ರೀನಿವಾಸಪುರದ ಡಾಕ್ಟರು ಬಿಡಿಸಿ ಹೇಳಿಯೇ ಮನೆಗೆ ಕಳಿಸಿದ್ದರು: ಈ ಕಾಯಿಲೆಯಲ್ಲಿ ಜ್ವರ ಇಳಿದ ಮೇಲೆಯೇ ಅಪಾಯ, ಮಗು ಮಂಕಾದರೆ ಕೂಡಲೇ ಕರೆತನ್ನಿ. ಒಂದು ಬೆಳಿಗ್ಗೆ ಮಗುವಿನ ಮೈ ತಣ್ಣಗಾಯಿತು. ಹುಳುಮನೆಯಲ್ಲಿ ನಾಲ್ಕನೇ ಜ್ವರ ಎದ್ದದ್ದೂ ಆವತ್ತೇ. ಎದ್ದ ಹುಳಕ್ಕೆಲ್ಲ ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ಬೀಳದಿದ್ದರೆ ಬೆಳೆ ಏರುಪೇರಾಗುತ್ತದೆ.

"ಅತ್ತೆ, ಪಾಪು ಮಾತೇ ಆಡ್ತಿಲ್ಲ. ಆಸ್ಪತ್ರೆಗೆ ಹೋಗೋಣ" ಎಂದಳು ಸೊಸೆ ಸುನಂದ.

"ಜ್ವರ ಬಿಡ್ತಲ್ಲಮ್ಮ. ಸುಸ್ತಾಗೈತೆ, ಮಲಗ್ಲಿ. ನೀನು ಸೊಪ್ಪು ತಗೊಂಡ್ ಬಾ."

"ಡಾಕ್ಟ್ರು ಜ್ವರ ಬಿಟ್ಟ ಮೇಲೇ ಹುಷಾರು ಅಂದಿದ್ರು."

"ನಾನು ಮಕ್ಕಳನ್ನ ಸಾಕಿಲ್ವೇನೇ?"

ಎದುರಾಡಿ ಅಭ್ಯಾಸವಿಲ್ಲದ ಸುನಂದ ಸೊಪ್ಪು ತಂದಿಟ್ಟು ಮಗುವಿನ ಹತ್ತಿರ ಓಡಿದಳು. ಮುತ್ಯಾಲಮ್ಮ ಹುಳದ ತಟ್ಟೆಗಳಿಗೆ ಸೊಪ್ಪು ಹರಡುತ್ತಾ ಹೋದಳು. ಅರ್ಧ ಮುಗಿಯುವಷ್ಟರಲ್ಲಿ ಕೈ ನಿಧಾನವಾಯಿತು. ಎದ್ದಾಗಿನಿಂದ ಮಗು ಗುಟುಕು ನೀರೂ ಕೇಳಿಲ್ಲವಲ್ಲ. ಒಳಗೆ ಹೋಗಿ ಪಾದ ಮುಟ್ಟಿದರೆ ತಣ್ಣಗೆ, ಬೆವರಿನಲ್ಲಿ ಒದ್ದೆ. "ಮೇಘೂ, ಬಂಗಾರು" ಎಂದದ್ದಕ್ಕೆ ರೆಪ್ಪೆ ಅಲ್ಲಾಡಿತಷ್ಟೇ.

"ಮುನೇಶಾ, ಆಟೋ ತೆಗಿಯೋ" ಎಂದು ಮಗನನ್ನು ಕೂಗಿದಳು.

"ಹುಳ ಏನ್ ಮಾಡೋದಮ್ಮ, ಇನ್ನೂ ಅರ್ಧ..."

"ಹಾಳಾಗೋಗ್ಲಿ ಹುಳ."

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ನರವೇ ಸಿಗದೆ ನರ್ಸು ಒದ್ದಾಡಿದಳು. ಬಿ.ಪಿ. ಬಹಳ ಇಳಿದಿತ್ತು. "ಮಗು ಒಂದಕ್ಕೆ ಹೋಗಿದ್ದು ಯಾವಾಗ?" ಎಂದು ಡಾಕ್ಟರು ಕೇಳಿದರು.

"ನಿನ್ನೆ ಸಾಯಂಕಾಲ" ಎಂದಳು ಸುನಂದ.

"ಹೋಗ್ಬೇಕು, ಹೋದ್ರೆ ಚೇತರಿಸಿಕೊಳ್ತಿದೆ ಅಂತ. ಅಲ್ಲೀತನಕ ನಾನು ಏನೂ ಹೇಳೋಕಾಗಲ್ಲ."

ಅತ್ತೆ ಸೊಸೆ ಮಂಚದ ಆ ಕಡೆಗೊಬ್ಬರು ಈ ಕಡೆಗೊಬ್ಬರು ಕೂತರು. ಡ್ರಿಪ್ಪಿನ ಹನಿ ಬೀಳುತ್ತಿತ್ತು. ಮಧ್ಯಾಹ್ನ ಕಳೆದರೂ ಮಗು ಹಾಗೇ ಇತ್ತು.

"ನಾನೇ ತಡ ಮಾಡಿಬಿಟ್ಟೆ ಕಣಮ್ಮ" ಎಂದಳು ಮುತ್ಯಾಲಮ್ಮ.

ಪರವಾಗಿಲ್ಲ ಬಿಡಿ ಎಂದು ಸುನಂದ ಅನ್ನಲಿಲ್ಲ. ಯಾಕೆ ಅನ್ನಬೇಕು? ಅವಳು ಡ್ರಿಪ್ಪಿನ ಬಾಟಲಿಯನ್ನೇ ನೋಡುತ್ತಿದ್ದಳು. ಇನ್ನು ಈ ಹುಡುಗಿ ತನ್ನ ಮುಖ ನೋಡುವಳೋ ಇಲ್ಲವೋ ಎಂದು ಮುತ್ಯಾಲಮ್ಮನಿಗೆ ದಿಗಿಲಾಯಿತು.

ಹೊತ್ತು ಇಳಿಯುವಾಗ ಮೇಘನ ತುಟಿ ಅಲುಗಿಸಿದಳು. ಇಬ್ಬರೂ ಬಗ್ಗಿದರು.

"ಅಮ್ಮಾ, ಸೂಸು."

ಸುನಂದ ಪಾತ್ರೆಗಾಗಿ ನರ್ಸಿನ ಹತ್ತಿರ ಓಡಿದಳು. ಮುತ್ಯಾಲಮ್ಮ ಮಗುವನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಪಾತ್ರೆ ಬರುವ ಮೊದಲೇ ಅಜ್ಜಿಯ ಮಡಿಲೆಲ್ಲ ಒದ್ದೆಯಾಯಿತು. ಮುತ್ಯಾಲಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಸೀರೆ ಒರೆಸಲು ಬಂದ ಸೊಸೆಯ ಕೈಯನ್ನು ಹಾಗೇ ಹಿಡಿದುಕೊಂಡಳು, ಸುನಂದ ಬಿಡಿಸಿಕೊಳ್ಳಲಿಲ್ಲ.