ಕಾರ್ಯದರ್ಶಿಗಳು ಲೈಟ್ ಹಾಕಿದರು

ಸಿಂಗಪುರದ ಟೋವಾ ಪಾಯೋದ ನಮ್ಮ ಕನ್ನಡ ಚಿತ್ರಕೂಟಕ್ಕೆ ಒಬ್ಬರು ಕಾರ್ಯದರ್ಶಿಗಳಿದ್ದರು. ಜಗತ್ತಿನ ಮನಶ್ಶಾಂತಿಯ ಗುತ್ತಿಗೆಯನ್ನು ಅವರೇ ಹಿಡಿದಂತಿತ್ತು. ಯಾರಿಗೆ ಇಲ್ಲಿ ಕಾಯಂ ನೆಲೆಸುವ ಪಿಆರ್ ಸಿಗದಿದ್ದರೂ, ಯಾರ ಕೆಲಸ ಹೋದರೂ, ಕನ್ನಡಕ ಒರೆಸುತ್ತ ಅವರು ಹೇಳುತ್ತಿದ್ದುದು ಒಂದೇ ಮಾತು: "ಮನಸ್ಸು ಕೆಡಿಸ್ಕೋಬೇಡಿ."

ಒಂದು ಶನಿವಾರ, ಯಾರೋ ಒತ್ತಾಯಿಸಿದರೆಂದು, ಪ್ಯಾಲೆಸ್ಟೀನಿನ ಸಾಕ್ಷ್ಯಚಿತ್ರವೊಂದನ್ನು ಹಾಕಿದರು. ತಮ್ಮ ಹೊಲಗಳನ್ನು ಸೀಳಿಕೊಂಡು ಬರುತ್ತಿದ್ದ ಇಸ್ರೇಲಿನ ಗೋಡೆಯನ್ನು ಒಂದು ಹಳ್ಳಿಯ ಜನ ಬರಿಗೈಯಲ್ಲಿ ತಡೆಯುತ್ತಿದ್ದರು. ಮುದುಕಿಯೊಬ್ಬಳು ತನ್ನ ಆಲಿವ್ ಮರವನ್ನು ತಬ್ಬಿ ನಿಂತಳು. ಬುಲ್ಡೋಜರ್ ಹತ್ತಿರ ಬಂತು. ಕಾರ್ಯದರ್ಶಿಗಳು ಚಿತ್ರ ನಿಲ್ಲಿಸಿ ಲೈಟ್ ಹಾಕಿದರು.

"ಏನ್ರೀ ಇದು! ಮರ ಉಳೀತೋ ಇಲ್ವೋ?" ಮುಂದಿನ ಸಾಲಿನಿಂದ ಮೈಸೂರಿನ ಆಂಟಿ ಗುಡುಗಿದರು.

"ಮುಂದೆ ಚೆನ್ನಾಗಿಲ್ಲ ಆಂಟಿ, ನಾನು ಮೊದಲೇ ನೋಡಿದೀನಿ. ಮನಸ್ಸು ಕೆಡಿಸ್ಕೋಬೇಡಿ. ಬೋಂಡ ಬಿಸಿಯಾಗಿದೆ."

"ಅವಳು ಅನುಭವಿಸಿದ್ದನ್ನ ಕೂತು ನೋಡೋಕೂ ಆಗಲ್ವೇನ್ರೀ ನಮಗೆ? ಹಾಕ್ರೀ ಪಿಕ್ಚರ್ನ!"

ಆಂಟಿ ತಾವೇ ಎದ್ದು ಲೈಟ್ ಆರಿಸಿ, ಮತ್ತೆ ಪರದೆಯ ಮುಂದೆ ಕೂತರು. ಆ ಕತ್ತಲಲ್ಲೇ ಕಾರ್ಯದರ್ಶಿಗಳು ಅತ್ಯಂತ ವಿನಯದಿಂದ ಪ್ರಾಜೆಕ್ಟರಿನ ವೈರು ಸುತ್ತತೊಡಗಿದರು. ಆಂಟಿಯ ಪರವಾಗಿ ಒಂದು ದನಿಯೂ ಏಳಲಿಲ್ಲ. ಮಹಾಸಭೆಯ ಬಾಯಲ್ಲಿ ಬೋಂಡವಿತ್ತು.